ಎಂಟು ಆಂಗ್‌ಸ್ಟ್ರಾಂ ಗೆರೆ

‘ಅದೆಲ್ಲ ನೀವೇ ಎಳೆದುಕೊಂಡ ಗೆರೆ ಕಣಯ್ಯಾ’ ಎಂಬ ಮಾತು ಕೇಳಿದರೆ ಈಚೆಗೆ ನನಗೆ ಮೈಯುರಿಯುತ್ತದೆ. ಹೇಳುವವನು ಹಳೆಯ ಗೆಳೆಯ, ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡುವವನು. ದೇಶದ ಗಡಿ, ಬಡತನದ ರೇಖೆ, ಪಾಸು-ಫೇಲಿನ ಅಂಕ ಎಲ್ಲಕ್ಕೂ ಅವನದು ಇದೇ ಮಾತು. ಅಲ್ಲೆಲ್ಲ ನಾನೂ ತಲೆಯಾಡಿಸಿದವನೇ. ಆದರೆ ಅವನು ನನ್ನ ಅನ್ನದ ಕೆಲಸದ ಮೇಲೂ ಅದೇ ಮುದ್ರೆ ಒತ್ತಿದ. ಪ್ರೋಟೀನುಗಳ ಒಳಗೆ ಯಾವ ಅಮೈನೋ ಆಮ್ಲ ಯಾವುದನ್ನು ಮುಟ್ಟಿಕೊಂಡಿದೆ ಎಂದು ಕಂಪ್ಯೂಟರಿನಲ್ಲಿ ಪಟ್ಟಿ ಮಾಡುವುದು ನನ್ನ ಕೆಲಸ.

ಪ್ರೋಟೀನು ಅಮೈನೋ ಆಮ್ಲಗಳ ಉದ್ದನೆಯ ಸರಪಳಿ. ಹೆಚ್ಚಿನವು ಸುತ್ತಿ ಮಡಿಚಿಕೊಂಡಾಗಲೇ ಕೆಲಸಕ್ಕೆ ಬರುತ್ತವೆ. ಮಡಿಚಿಕೊಂಡಾಗ ಹತ್ತನೆಯ ಕೊಂಡಿ ತೊಂಬತ್ತನೆಯದರ ಪಕ್ಕಕ್ಕೆ ಬಂದು ಕೂರಬಹುದು. ಇಂಥ ಜೋಡಿಗಳ ಪಟ್ಟಿಗೆ ಸಂಪರ್ಕ ನಕ್ಷೆ ಎನ್ನುತ್ತೇವೆ. ಹೆಚ್ಚು ಬಳಕೆಯಲ್ಲಿರುವ ನಿಯಮ ಸರಳ: ಎರಡು ಕೊಂಡಿಗಳ ಪಾರ್ಶ್ವಸರಪಳಿಗಳ, ಅಂದರೆ ಹೊರಚಾಚಿದ ತೋಳುಗಳ, ಬುಡದ ಬೀಟಾ ಕಾರ್ಬನ್‌ಗಳ ನಡುವೆ 8 ಆಂಗ್‌ಸ್ಟ್ರಾಂಗಿಂತ ಕಡಿಮೆ ದೂರವಿದ್ದರೆ ಸಂಪರ್ಕ ಉಂಟು, ಇಲ್ಲವಾದರೆ ಇಲ್ಲ. ಗ್ಲೈಸಿನ್ ಎಂಬ ಅಮೈನೋ ಆಮ್ಲಕ್ಕೆ ಬೀಟಾ ಕಾರ್ಬನ್ನೇ ಇಲ್ಲ, ಅದಕ್ಕೆ ಆಲ್ಫಾ ಕಾರ್ಬನ್ನೇ ಗತಿ. ಒಂದು ಆಂಗ್‌ಸ್ಟ್ರಾಂ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು.

‘7.9 ಆದರೆ ಮುಟ್ಟಿತು, 8.1 ಆದರೆ ಮುಟ್ಟಲಿಲ್ಲ. ಈ ಎರಡರ ನಡುವೆ ಪ್ರಕೃತಿಯಲ್ಲಿ ಏನು ನಡೆಯಿತು ಹೇಳು’ ಎಂದು ಗೆಳೆಯ ಕೇಳುತ್ತಾನೆ. ಏನೂ ನಡೆಯಲಿಲ್ಲ. ಅಷ್ಟನ್ನು ಒಪ್ಪಿಕೊಂಡೇ ಜಗಳ ಶುರುಮಾಡಬೇಕು.

ಮುಟ್ಟುವುದೆಂದರೇನು ಎಂಬ ಜಿಜ್ಞಾಸೆಗೆ ದೊಡ್ಡ ವಂಶಾವಳಿಯೇ ಇದೆ. ವೈಶೇಷಿಕರು ಸಂಯೋಗವನ್ನು ಗುಣಗಳ ಪಟ್ಟಿಗೆ ಸೇರಿಸಿದರು. ಆರು ದಿಕ್ಕಿನಿಂದ ಆರು ಪರಮಾಣು ತಾಗಿದರೆ ನಡುವಿನ ಪರಮಾಣುವಿಗೆ ಆರು ಭಾಗ ಬಂದಂತಾಯಿತಲ್ಲ ಎಂದು ಬೌದ್ಧ ಚಿಂತಕ ವಸುಬಂಧು ಕೆಣಕಿದ. ಭೌತವಿಜ್ಞಾನಿ ಎಡಿಂಗ್ಟನ್ 1928ರ ತನ್ನ ಪುಸ್ತಕದಲ್ಲಿ ಮೇಜು ಬಹುಪಾಲು ಖಾಲಿ ಜಾಗ ಎಂದ. ಆ ಮಾತು ಸವೆದೂ ಸವೆದೂ ಇವತ್ತು ‘ನಿಜವಾಗಿ ಯಾವುದೂ ಯಾವುದನ್ನೂ ಮುಟ್ಟುವುದಿಲ್ಲ ಗೊತ್ತಾ?’ ಎಂಬ ವಾಟ್ಸ್‌ಆಪ್ ಫಾರ್ವರ್ಡ್ ಆಗಿದೆ. ಇಂಥ ಫಾರ್ವರ್ಡುಗಳು ನನಗೆ ಆಕಳಿಕೆ ತರಿಸುತ್ತವೆ. ಎರಡು ಪರಮಾಣುಗಳ ಎಲೆಕ್ಟ್ರಾನ್ ಮೋಡಗಳು ಇನ್ನು ಹತ್ತಿರ ಬರಬೇಡ ಎಂದು ತಳ್ಳಾಡುವ ದೂರವೇ ಸ್ಪರ್ಶ. ಅದರಾಚೆಗೊಂದು ಅಸಲಿ ಸ್ಪರ್ಶವನ್ನು ಕಲ್ಪಿಸಿಕೊಂಡು, ಅದು ಸಿಗಲಿಲ್ಲವೆಂದು ಬೆರಗಾಗುವುದರಲ್ಲಿ ಹುರುಳಿಲ್ಲ.

ಗೆಳೆಯನ ವಾದ ಹಾಗಲ್ಲ, ಅದಕ್ಕೆ ಹಲ್ಲಿದೆ. ಅವನಿಗೆ ಗೊತ್ತಿಲ್ಲದ ಸಾಕ್ಷಿಯನ್ನೂ ನಾನೇ ಒದಗಿಸಬಲ್ಲೆ. ಆರ್ಜಿನೀನ್‌ನ ತೋಳು ಉದ್ದ, ತುದಿಯಲ್ಲಿ ಧನ ವಿದ್ಯುದಂಶ. ಗ್ಲುಟಮೇಟ್‌ನ ತೋಳು ಸ್ವಲ್ಪ ಮೋಟು, ತುದಿಯಲ್ಲಿ ಋಣ. ಎರಡೂ ಕೈಚಾಚಿ ತುದಿತುದಿ ಹಿಡಿದುಕೊಂಡಾಗ ಆ ತುದಿಗಳ ನಡುವೆ ಸುಮಾರು 3 ಆಂಗ್‌ಸ್ಟ್ರಾಂ ಅಷ್ಟೆ, ಇಡೀ ಪ್ರೋಟೀನಿನ ಗಟ್ಟಿ ಹಿಡಿತಗಳಲ್ಲಿ ಅದೂ ಒಂದಾಗಿರಬಹುದು. ಆದರೆ ತೋಳಿನ ಬುಡದ ಬೀಟಾ ಕಾರ್ಬನ್‌ಗಳು 8 ಆಂಗ್‌ಸ್ಟ್ರಾಂಗಿಂತ ದೂರ ಉಳಿದಿರಬಹುದು, ಆಗ ನನ್ನ ಪಟ್ಟಿ ‘ಸಂಪರ್ಕವಿಲ್ಲ’ ಎನ್ನುತ್ತದೆ. ಅದೇ ಹೊತ್ತಿಗೆ ಬೆನ್ನಿಗೆ ಬೆನ್ನು ಹಾಕಿ ಕೂತ ಇನ್ನೆರಡು ಕೊಂಡಿಗಳು, ಪರಸ್ಪರ ಮುಖ ನೋಡದಿದ್ದರೂ, 7ರೊಳಗೆ ಬಿದ್ದು ಸಂಪರ್ಕ ಎನಿಸಿಕೊಳ್ಳುತ್ತವೆ. ಬೀಟಾ ಕಾರ್ಬನ್ ಬಿಟ್ಟು, ಹೈಡ್ರೋಜನ್ ಹೊರತಾದ ಯಾವುದೇ ಎರಡು ಪರಮಾಣು 4.5ರೊಳಗೆ ಬಂದರೆ ಸಾಕು ಎನ್ನುವವರ ಪಟ್ಟಿಯೇ ಬೇರೆ.

ಹಾಗಾದರೆ ಗೆರೆ ನಮ್ಮದೇ, ಸರಿ. ಆದರೆ ನಮ್ಮದಾದ ಮಾತ್ರಕ್ಕೆ ಅದು ಮನಬಂದದ್ದೆ? ಇಲ್ಲಿ ನನಗೆ ಜಿ. ಎನ್. ರಾಮಚಂದ್ರನ್ ನೆನಪಾಗುತ್ತಾರೆ. 1963ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬರುವ ಮುನ್ನ, ಅವರು ಮದರಾಸಿನಲ್ಲಿ ರಾಮಕೃಷ್ಣನ್ ಮತ್ತು ಶಶಿಶೇಖರನ್ ಜೊತೆ ಕೂತು ಪ್ರೋಟೀನ್ ಸರಪಳಿ ಯಾವ ಯಾವ ಕೋನಕ್ಕೆ ತಿರುಗಬಲ್ಲದು ಎಂಬ ನಕ್ಷೆ ಬರೆದರು. ಕೈಯಲ್ಲಿದ್ದ ಮುಖ್ಯ ಬಂಡವಾಳ, ಸಣ್ಣ ಅಣುಗಳ ಹರಳುಗಳಲ್ಲಿ ಪರಮಾಣುಗಳು ಎಷ್ಟು ಹತ್ತಿರ ಬರುತ್ತವೆ ಎಂಬ ಅಳತೆ. ಎರಡು ಕಾರ್ಬನ್‌ಗಳ ನಡುವೆ ಸಾಮಾನ್ಯವಾಗಿ 3.2, ತೀರಾ ಇಕ್ಕಟ್ಟಾದರೆ 3.0 ಎಂದು ಅವರು ಎರಡೆರಡು ಗೆರೆ ಇಟ್ಟುಕೊಂಡರು. ನನಗೆ ಇಷ್ಟವಾಗುವುದು ಆ ಎರಡನೆಯ ಗೆರೆ. ಅಂಚು ಮಸುಕು ಎಂಬುದನ್ನು ಮುಚ್ಚಿಡದೆ ನಕ್ಷೆಯಲ್ಲೇ ಬರೆದರು. ಪರಮಾಣು ಮಟ್ಟದಲ್ಲಿ ಚಿತ್ರ ಸಿಕ್ಕಿದ್ದ ಪ್ರೋಟೀನು ಆಗ ಹೆಚ್ಚುಕಡಿಮೆ ಮಯೋಗ್ಲೋಬಿನ್ ಒಂದೇ. ಆಮೇಲೆ ಬಂದ ಸಾವಿರಾರು ರಚನೆಗಳ ಕೋನಗಳು ಬಹುಮಟ್ಟಿಗೆ ಅವರು ಅನುಮತಿಸಿದ ಜಾಗದಲ್ಲೇ ಬಿದ್ದವು. ಮನಬಂದ ಗೆರೆಗೆ ಈ ಭಾಗ್ಯವಿಲ್ಲ.

ಗೆಳೆಯನಿಗೆ ಇದನ್ನು ಹೇಳಿದಾಗ ನಾನೊಂದು ಸೂತ್ರವನ್ನೂ ಸೇರಿಸಿದ್ದೆ: ಪರಿಣಾಮ ಇರುವ ಸಂಪರ್ಕ ನಿಜವಾದ ಸಂಪರ್ಕ. ಅವನು ನಕ್ಕು, ‘ನಿಮ್ಮಜ್ಜಿಯ ಮಡಿಗೂ ಪರಿಣಾಮ ಇತ್ತಲ್ಲ’ ಎಂದ.

ಇತ್ತು. ನಮ್ಮ ಮನೆಯಲ್ಲಿ ಅಜ್ಜಿ ಒಣಗಿದ ಸೀರೆಯನ್ನು ಮಡಿಕೋಲಿನಿಂದ ಎತ್ತಿಕೊಳ್ಳುತ್ತಿದ್ದರು. ನಮ್ಮ ಚಡ್ಡಿಯ ಅಂಚು ತಾಗಿದರೆ ಮತ್ತೆ ಸ್ನಾನ, ಧಾಬಳಿ ಉಟ್ಟಿದ್ದರೆ ಅಷ್ಟು ಬಿಗಿಯಿಲ್ಲ. ಇದು ನಗುವ ಭಾಗ. ಅಂಗಳದಲ್ಲಿ ಕೆಲಸಕ್ಕೆ ಬಂದವರ ಬೊಗಸೆಗೆ ಅದೇ ಕೈ ನೀರನ್ನು ಎತ್ತರದಿಂದ ಹೊಯ್ಯುತ್ತಿತ್ತು. ಎಷ್ಟು ಎತ್ತರದಿಂದ ಎಂಬುದಕ್ಕೂ ಲೆಕ್ಕವಿತ್ತು, ಆ ಲೆಕ್ಕ ತಪ್ಪಿದವರಿಗೆ ಶಿಕ್ಷೆಯೂ ಇತ್ತು. ದೂರದ ಗೆರೆ, ಅದರೊಳಗೆ ಬಂದರೆ ಪರಿಣಾಮ: ನನ್ನ ಸೂತ್ರದ ಎಲ್ಲ ಲಕ್ಷಣವೂ ಅಲ್ಲಿದೆ. ಆದರೂ ಆ ಮೈಗಳ ನಡುವೆ ಹರಿಯುತ್ತಿದ್ದ ಮೈಲಿಗೆ ಶುದ್ಧ ಸುಳ್ಳು. ಹಾಗಾಗಿ ಪರಿಣಾಮವೊಂದನ್ನೇ ತೋರಿಸಿ ನಾನು ಗೆಲ್ಲಲಾರೆ.

ಉತ್ತರ ಹೊಳೆದದ್ದು ಕುಡುಗೋಲು ಕಣ ರೋಗದಿಂದ, 1952ರಲ್ಲಿ ನೀಲಗಿರಿಯ ಬುಡಕಟ್ಟು ಜನರ ರಕ್ತದಲ್ಲಿ ಕಂಡ ಸಿಕಲ್ ಸೆಲ್. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಆರನೆಯ ಜಾಗದಲ್ಲಿ ಗ್ಲುಟಮೇಟ್ ಇರಬೇಕು, ಈ ರೋಗದಲ್ಲಿ ವ್ಯಾಲೀನ್ ಇರುತ್ತದೆ. ನೀರನ್ನು ಕಂಡರಾಗದ ಆ ವ್ಯಾಲೀನ್ ಪಕ್ಕದ ಹಿಮೋಗ್ಲೋಬಿನ್ ಅಣುವಿನ ಒಂದು ಗುಳಿಯಲ್ಲಿ, 85ನೆಯ ಫೀನೈಲ್‌ಅಲನೀನ್ ಮತ್ತು 88ನೆಯ ಲ್ಯೂಸೀನ್ ಇರುವಲ್ಲಿ, ಹೋಗಿ ಕೂರುತ್ತದೆ. ಹಾಗೆ ಒಂದಕ್ಕೊಂದು ಅಂಟಿ ನಾರು ಬೆಳೆಯುತ್ತದೆ, ಕೆಂಪು ಕಣ ಕುಡುಗೋಲಿನಂತೆ ಬಾಗುತ್ತದೆ, ಮಗು ಮೂಳೆನೋವಿನಿಂದ ಚೀರುತ್ತದೆ. ಮಡಿಯ ಪರಿಣಾಮ ಜನರ ನಂಬಿಕೆಯ ಮೂಲಕ ಹಾಯಬೇಕು, ಯಾರೂ ನಂಬದ ದಿನ ಅದು ಸಾಯುತ್ತದೆ. ವ್ಯಾಲೀನ್ ಯಾರ ನಂಬಿಕೆಗೂ ಕಾಯುವುದಿಲ್ಲ. ಗೆಳೆಯನ ಎದುರು ಇಷ್ಟು ಹೇಳಿ ನಾನು ಗೆದ್ದೆನೆಂದೇ ಅಂದುಕೊಂಡೆ.

ಇನ್ನೂ ಒಂದು ಕೊಸರು ಹಾಕಿದೆ. 2011ರ ಸುಮಾರಿಗೆ ಕೆಲವು ಗುಂಪುಗಳು ದೂರವನ್ನು ಅಳೆಯದೆಯೇ ಸಂಪರ್ಕ ಊಹಿಸುವುದನ್ನು ಚೆನ್ನಾಗಿ ಮಾಡಿ ತೋರಿಸಿದವು. ಒಂದೇ ಪ್ರೋಟೀನಿನ ಸಾವಿರಾರು ಜೀವಿಗಳ ಪಾಠಾಂತರಗಳನ್ನು ಸಾಲಾಗಿ ಜೋಡಿಸಿ, ಈ ಜಾಗದ ಅಕ್ಷರ ಬದಲಾದಾಗ ಆ ಜಾಗದ್ದೂ ಬದಲಾಗುತ್ತದೆಯೇ ಎಂದು ನೋಡುವುದು. ಒಟ್ಟಿಗೆ ಬದಲಾಗುವ ಜೋಡಿಗಳಲ್ಲಿ ಬಹಳಷ್ಟು ರಚನೆಯಲ್ಲೂ ಅಕ್ಕಪಕ್ಕ ಇದ್ದವು. ಪ್ರೋಟೀನಿನ ರಚನೆ ಊಹಿಸುವ ಆಲ್ಫಾಫೋಲ್ಡ್‌ನ ಗೆಲುವಿಗೂ ಈ ಹೊಳಹೇ ಒಂದು ಆಸರೆ. ಜೀವವಿಕಾಸದ ಕೈಯಲ್ಲಿ ಅಳತೆಪಟ್ಟಿ ಇರಲಿಲ್ಲ, ನಮ್ಮ ಗೆರೆಯೂ ಅದಕ್ಕೆ ಗೊತ್ತಿರಲಿಲ್ಲ. ಎರಡು ಬೇರೆ ದಾರಿಗಳು ಒಂದೇ ಊರಿಗೆ ಬಂದವೆಂದರೆ ಊರು ಇದೆ ಎಂದೇ ಅರ್ಥವಲ್ಲವೆ?

‘ಬಾರದೆ ಉಳಿದ ಜೋಡಿಗಳು?’ ಎಂದ ಅವನು. ತತ್ವಶಾಸ್ತ್ರದವರ ಸಹವಾಸ ಕಷ್ಟ. ಒಟ್ಟಿಗೆ ಬದಲಾಗುತ್ತಿದ್ದರೂ ರಚನೆಯಲ್ಲಿ ದೂರವಿದ್ದ ಜೋಡಿಗಳನ್ನು ಮೊದಲು ತಪ್ಪು ಊಹೆ ಎಂದು ಬದಿಗಿಟ್ಟಿದ್ದರು. ಆಮೇಲೆ ನೋಡಿದರೆ ಅವುಗಳಲ್ಲಿ ಕೆಲವು, ಪ್ರೋಟೀನಿನ ಎರಡು ಪ್ರತಿಗಳು ಜೊತೆಗೂಡಿದಾಗ ಒಂದರದು ಇನ್ನೊಂದರದಕ್ಕೆ ತಾಗುವಂಥವು. ಇನ್ನು ಕೆಲವು, ಅದೇ ಪ್ರೋಟೀನು ಬೇರೆ ಭಂಗಿಗೆ ಹೊರಳಿದಾಗ ಮಾತ್ರ ತಾಗುವಂಥವು. ಅಂದರೆ ನಾನು ಅಳೆದ ಹರಳಿನಲ್ಲಿ ಆ ಸಂಪರ್ಕ ಇರಲೇ ಇಲ್ಲ. ನನ್ನ ವ್ಯಾಲೀನ್ ಕೂಡ ಅಂಥದ್ದೇ: ಆಕ್ಸಿಜನ್ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ನಿನಲ್ಲಿ ಅದು ಗುಳಿ ಹಿಡಿಯುತ್ತದೆ, ಶ್ವಾಸಕೋಶದಲ್ಲಿ ಆಕ್ಸಿಜನ್ ತುಂಬಿಕೊಂಡಾಗ ಬಿಟ್ಟುಬಿಡುತ್ತದೆ. ಸ್ನಾಯುವಿನಲ್ಲಿ ಆಕ್ಸಿಜನ್ ಹಿಡಿದಿಡುವ ಮಯೋಗ್ಲೋಬಿನ್ನಿನ ಕಥೆ ಇನ್ನೂ ವಿಚಿತ್ರ. ಹರಳಿನ ಚಿತ್ರದಲ್ಲಿ ಆಕ್ಸಿಜನ್ ಒಳಹೋಗಲು ದಾರಿಯೇ ಇಲ್ಲ, ಎಲ್ಲ ಕಡೆ ಕೊಂಡಿಗಳು ಒತ್ತಾಗಿ ಕೂತಿವೆ. ಅವುಗಳಲ್ಲಿ ಕೆಲವು ಆಗಾಗ ಸರಿದು ಸಂಪರ್ಕ ಕಡಿದುಕೊಳ್ಳುವುದರಿಂದಲೇ ನಮ್ಮ ಸ್ನಾಯು ಉಸಿರಾಡುತ್ತದೆ. ಕಡಿಯಲೆಂದೇ ಇರುವ ಈ ಸಂಪರ್ಕವನ್ನೂ ನಾನು ಅದೇ ಪಟ್ಟಿಯಲ್ಲಿ, ಅದೇ ಒಂದು ಚುಕ್ಕೆಯಾಗಿ ಇಡುತ್ತಿದ್ದೇನೆ.

ವಿಜ್ಞಾನ ಸಂಸ್ಥೆಯಲ್ಲೇ ಸರಸ್ವತಿ ವಿಶ್ವೇಶ್ವರ ಮತ್ತು ಅವರ ಶಿಷ್ಯರು ಒಂದು ಜಾಣ ದಾರಿ ಹಿಡಿದಿದ್ದರು. ಪಾರ್ಶ್ವಸರಪಳಿಗಳ ನಡುವಿನ ಹಿಡಿತಕ್ಕೆ ಬಲ ಕಟ್ಟಿ, ಗೆರೆಯನ್ನು ಒಂದೇ ಕಡೆ ನಿಲ್ಲಿಸದೆ ಮೆಲ್ಲಗೆ ಮೇಲೇರಿಸುತ್ತ, ಜಾಲ ಎಲ್ಲಿ ಹರಿದು ಚೂರಾಗುತ್ತದೆ ಎಂದು ನೋಡಿದರು. ಪ್ರೋಟೀನು ದೊಡ್ಡದಿರಲಿ ಚಿಕ್ಕದಿರಲಿ, ಹರಿಯುವುದು ಹೆಚ್ಚುಕಡಿಮೆ ಒಂದೇ ಹಂತದಲ್ಲಿ. ಗೆರೆಯನ್ನು ನಾವು ಎಳೆಯುವ ಬದಲು ಪ್ರೋಟೀನಿನ ಕೈಯಲ್ಲೇ ಎಳೆಸಿದಂತೆ. ಗೆಳೆಯನ ಬಾಯಿ ಸ್ವಲ್ಪ ಹೊತ್ತು ಕಟ್ಟಿದ್ದು ಇದೊಂದರಿಂದಲೇ. ಆ ಬಲದ ಲೆಕ್ಕದ ಬುಡದಲ್ಲೂ 4.5 ಆಂಗ್‌ಸ್ಟ್ರಾಂ ಇದೆ ಎಂಬುದನ್ನು ನಾನು ಹೇಳಲು ಹೋಗಲಿಲ್ಲ.

ಈಗ ನನ್ನ ತಲೆ ತಿನ್ನುತ್ತಿರುವುದು ಒಂದು ಆಕಾರಕ್ಕೆ ನಿಲ್ಲದೆಯೇ ಕೆಲಸ ಮಾಡುವ ಪ್ರೋಟೀನುಗಳು. ನಮ್ಮ ಜೀವಕೋಶಗಳಲ್ಲಿ ಅಂಥವು ಬೇಕಾದಷ್ಟಿವೆ. ಅವುಗಳಿಗೆ ಒಂದು ಪಟ್ಟಿ ಮಾಡಲಾಗದು. ಈ ಜೋಡಿ ಇಷ್ಟು ಹೊತ್ತು ತಾಗಿತ್ತು, ಆ ಜೋಡಿ ಅಷ್ಟು ಹೊತ್ತು ಎಂದು ಪಾಲು ಲೆಕ್ಕ ಬರೆಯಬೇಕು. ನೂರರಲ್ಲಿ ಎಷ್ಟು ಪಾಲು ಹೊತ್ತು ತಾಗಿದ್ದರೆ ಅದನ್ನು ಸಂಪರ್ಕ ಎನ್ನಬೇಕು? ಪ್ರೋಗ್ರಾಮು ಅಲ್ಲೊಂದು ಸಂಖ್ಯೆ ಕೇಳುತ್ತದೆ. ಅದನ್ನು ಪ್ರೋಟೀನಿನಿಂದಲೇ ಪಡೆಯುವ ದಾರಿ ನನಗಿನ್ನೂ ಹೊಳೆದಿಲ್ಲ. ಸದ್ಯಕ್ಕೆ ಅಂದಾಜಿನಲ್ಲಿ ಒಂದನ್ನು ಹಾಕಿ ಓಡಿಸುತ್ತಿದ್ದೇನೆ.