ಹಸಿ ಸೌದೆಯನ್ನು ಹುಡುಕುತ್ತಾ

ಕಾಣದ್ದನ್ನು ಲೆಕ್ಕದಿಂದ ‘ಇದೆ’ ಎನ್ನಲು ನಮಗೇನು ಅಧಿಕಾರ? ಔಷಧ ಕಾರ್ಖಾನೆಯೊಂದರ ಫರ್ಮೆಂಟರ್ ವಿಭಾಗದಲ್ಲಿ ಕೆಲಸ ಮಾಡುವ ನನಗೆ ಇದು ದಿನನಿತ್ಯದ ಪ್ರಶ್ನೆ.

ಹತ್ತು ಸಾವಿರ ಲೀಟರಿನ ತೊಟ್ಟಿಯನ್ನು ಊಹಿಸಿಕೊಳ್ಳಿ. ಒಳಗಿನ ಶಿಲೀಂಧ್ರ ಉಸಿರಾಡುತ್ತದೆ. ಒಂದು ಮೋಲ್ ಆಮ್ಲಜನಕ ಖರ್ಚಾದರೆ ಸುಮಾರು 460 ಕಿಲೋಜೂಲ್ ಶಾಖ ಹುಟ್ಟುತ್ತದೆ. ಗಂಟೆಗೆ ಲೀಟರೊಂದರಲ್ಲಿ 100 ಮಿಲಿಮೋಲ್ ಖರ್ಚಾಗುತ್ತಿದ್ದರೆ ಇಡೀ ತೊಟ್ಟಿಗೆ ಹತ್ತಿರಹತ್ತಿರ 128 ಕಿಲೋವ್ಯಾಟ್. ಕಲಕುವ ಮೋಟಾರಿನ ಬಿಸಿ ಬೇರೆ. ಇದೆಲ್ಲ ಉಕ್ಕಿನ ಗೋಡೆ ದಾಟಿ, ತೊಟ್ಟಿಯನ್ನು ಹೊರಗಿನಿಂದ ಸುತ್ತಿದ ಜಾಕೆಟ್ಟಿನ ತಣ್ಣೀರನ್ನು ಸೇರಬೇಕು. ಗೋಡೆಗೆ ಅಂಟಿಕೊಂಡ ದ್ರವದ ತೆಳುಪದರವೇ ಅದಕ್ಕೆ ದೊಡ್ಡ ಅಡ್ಡಿ ಎನ್ನುತ್ತೇವೆ. ಆ ಪದರವನ್ನು ನಾನು ಕಂಡಿಲ್ಲ. ಅದರ ಅಳತೆ ನನಗೆ ಸಿಗುವುದು ಚಿಲ್ಟನ್, ಡ್ರೂ, ಜೆಬೆನ್ಸ್ ಎಂಬ ಮೂವರು ಸಂಶೋಧಕರು 1944ರಲ್ಲಿ ಕೊಟ್ಟ ಸೂತ್ರದಿಂದ: ದ್ರವದ ಚಲನೆಯನ್ನು ಅದರ ಸ್ನಿಗ್ಧತೆಗೆ ಹೋಲಿಸಿ ಅಳೆಯುವ ರೆನಾಲ್ಡ್ಸ್ ಸಂಖ್ಯೆಯ ಮೂರನೇ ಎರಡು ಘಾತ, ಮುಂದೆ 0.36 ಎಂಬ ಗುಣಕ.

ಪ್ರತ್ಯಕ್ಷವನ್ನಷ್ಟೇ ಒಪ್ಪುವ ಚಾರ್ವಾಕ ಇಲ್ಲಿ ತಡೆಯುತ್ತಾನೆ. ಸೂತ್ರ ಕೊಟ್ಟವರ ಪ್ರಯೋಗದ ಸಣ್ಣ ಪಾತ್ರೆಯಲ್ಲಿ ನಿಜವಾದದ್ದು ನಿನ್ನ ತೊಟ್ಟಿಯಲ್ಲೂ ನಿಜವೆಂದು ಹೇಗೆ ಬಲ್ಲೆ? ಈ ಆಕ್ಷೇಪವನ್ನು ನಾನು ಗೌರವಿಸುತ್ತೇನೆ. ಇನ್ನೂ ನೂರು ಉದಾಹರಣೆ ಪೇರಿಸಿದರೆ ಅದು ತೀರುವುದಿಲ್ಲ. ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರ ದಾರಿ ಬೇರೆ, ಅದೇ ನನಗೆ ಸರಿ ಅನ್ನಿಸಿದ್ದು: ಉಪಾಧಿಯನ್ನು ಹುಡುಕು. ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಅದರ ಉದಾಹರಣೆ ಇದೆ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುವುದಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆಯ ಸಂಪರ್ಕ ಬೇಕು. ಯಾರೂ ಹೆಸರಿಸದೆ ಬಿಟ್ಟ ಆ ಹಸಿ ಸೌದೆಯೇ ಉಪಾಧಿ.

ಸೂತ್ರದೊಳಗಿನ ಹಸಿ ಸೌದೆ ಎಂದರೆ ದ್ರವಕ್ಕೆ ಒಂದೇ ಸ್ನಿಗ್ಧತೆ ಇರಬೇಕೆಂಬುದು. ಬ್ಯಾಚಿನ ಮೊದಲ ದಿನ ನನ್ನ ದ್ರಾವಣ ನೀರಿನಂತೆಯೇ ಇರುತ್ತದೆ, ಸೂತ್ರ ನಡೆಯುತ್ತದೆ. ಎಳೆಗಳು ಬೆಳೆದು ಹೆಣೆದುಕೊಂಡ ಮೇಲೆ ಅದು ಗಟ್ಟಿ ಅಂಬಲಿ. ಕಲಕುವ ಅಲಗಿನ ಬಳಿ ತೆಳ್ಳಗೆ, ಗೋಡೆಯ ಬಳಿ ಮಂದ. ಅಲ್ಲಿ ಚಲನೆಯೇ ಕಡಿಮೆ. ಶಾಖ ಹೊರಹೋಗಬೇಕಾದದ್ದೂ ಅಲ್ಲಿಂದಲೇ. ರೆನಾಲ್ಡ್ಸ್ ಸಂಖ್ಯೆಗೆ ಯಾವ ಸ್ನಿಗ್ಧತೆಯನ್ನು ಕೊಡಲಿ? ಇಂಥಲ್ಲಿ ಸುರಕ್ಷತೆಗೆಂದು ಒಂದಿಷ್ಟು ಶೇಕಡಾ ಸೇರಿಸುವ ರೂಢಿಯುಂಟು. ಉಪಾಧಿ ಯಾವುದೆಂದು ಬರೆಯದೆ ಸೇರಿಸಿದ ಆ ಶೇಕಡಾ, ನನ್ನ ದೃಷ್ಟಿಯಲ್ಲಿ, ಹರಕೆ ಹೊತ್ತಂತೆ. ಜಾಕೆಟ್ ದೊಡ್ಡದಾಗುತ್ತದೆ, ತಿಳಿವಳಿಕೆ ಅಲ್ಲೇ ಇರುತ್ತದೆ.

ಹುಟ್ಟುವ ಶಾಖವನ್ನು ತಿಳಿಯಲಾದರೂ ಇನ್ನೊಂದು ದಾರಿಯಿದೆ. ಎರಡು ಮೂರು ನಿಮಿಷ ತಣ್ಣೀರು ನಿಲ್ಲಿಸಿ ಉಷ್ಣಮಾಪಕವನ್ನು ನೋಡುವುದು. ಉಸಿರಾಟದ ಶಾಖವೊಂದರಿಂದಲೇ ಗಂಟೆಗೆ ಸುಮಾರು 11 ಡಿಗ್ರಿಯ ವೇಗದಲ್ಲಿ ಬಿಸಿ ಏರಬೇಕು. ಇದು ಪ್ರತ್ಯಕ್ಷಕ್ಕೆ ಹತ್ತಿರ, ಸೂತ್ರಕ್ಕಿಂತ ಇದನ್ನೇ ನಾನು ಹೆಚ್ಚು ನಂಬುತ್ತೇನೆ. ಆದರೂ ಕಂಡದ್ದರಿಂದ ಕಾಣದ್ದನ್ನು ತರ್ಕಿಸುವ ಅನುಮಾನಪ್ರಮಾಣ ಬಿಟ್ಟುಹೋಗಿಲ್ಲ. ಏರಿಕೆಯನ್ನು ಶಾಖವಾಗಿ ಓದಲು ವಿಶಿಷ್ಟೋಷ್ಣ ಬೇಕು. ಶಿಲೀಂಧ್ರದ ಉಸಿರಾಟಕ್ಕೆಂದು ಊದುವ ಗುಳ್ಳೆಗಳ ಗಾಳಿ ಆವಿಯ ರೂಪದಲ್ಲಿ ಕದ್ದೊಯ್ದ ಪಾಲು ಮಾಪಕದಲ್ಲಿ ಕಾಣುವುದೇ ಇಲ್ಲ. ಹೊರಹೋಗುವ ಗಾಳಿಯ ತೇವವನ್ನು ಅಳೆದು ಅದನ್ನು ಪ್ರತ್ಯೇಕವಾಗಿ ಕೂಡಿಸಬೇಕು.