ಸಹಿ ಅವಳದು, ಅಧಿಕಾರ ಯಾರದು?

ಗ್ರಾಮ ಪಂಚಾಯತಿ ಅಧ್ಯಕ್ಷೆಯ ಗಂಡನನ್ನು ಎಷ್ಟೋ ಊರುಗಳಲ್ಲಿ ಜನ 'ಅಧ್ಯಕ್ಷರೇ' ಎಂದು ಕರೆಯುತ್ತಾರೆ. ಆತನೂ ಸಂಕೋಚವಿಲ್ಲದೆ ಓಗೊಡುತ್ತಾನೆ. ಕೇಳಿದವರು ನಕ್ಕು, ಮಹಿಳಾ ಮೀಸಲಾತಿಯಿಂದ ಏನೂ ಪ್ರಯೋಜನವಿಲ್ಲ ಎನ್ನಲು ಇದನ್ನೇ ಪುರಾವೆಯಾಗಿ ಮುಂದಿಡುತ್ತಾರೆ. ವಿಚಿತ್ರವೆಂದರೆ, ಈ ನಗುವಿಗೆ ಗುರಿಯಾಗುವವಳು ಹೆಂಡತಿ. ಕುರ್ಚಿ ಕಳಕೊಂಡವಳು ಅಸಮರ್ಥೆ, ಕಸಿದುಕೊಂಡವನು ಊರಿನ ಮುಂದಾಳು!

ಕರ್ನಾಟಕಕ್ಕೆ ಇದು ಹೊಸ ವಿಷಯವೇನಲ್ಲ. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ಪಂಚಾಯತಿಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಪಾಲು ಸಿಗುವ ಮೊದಲೇ, 1983ರ ಕಾಯ್ದೆಯಡಿ ಇಲ್ಲಿ ಶೇ. 25 ಸ್ಥಾನಗಳನ್ನು ಮೀಸಲಿಡಲಾಗಿತ್ತು. 1987ರಲ್ಲಿ ಚುನಾವಣೆಯೂ ನಡೆಯಿತು. ಆ ವ್ಯವಸ್ಥೆಯನ್ನು ಕಟ್ಟಿ ನಿಲ್ಲಿಸಿದ ಸಚಿವ ಅಬ್ದುಲ್ ನಜೀರ್ ಸಾಬರನ್ನು ಜನ ಇಂದಿಗೂ ಕೊಳವೆಬಾವಿಗಳ ಕಾರಣಕ್ಕೆ 'ನೀರ್ ಸಾಬ್' ಎಂದೇ ನೆನೆಯುತ್ತಾರೆ. 2010ರ ತಿದ್ದುಪಡಿಯಿಂದ ಮಹಿಳೆಯರ ಪಾಲು ಅರ್ಧಕ್ಕೇರಿತು.

"ಆಕೆಗೆ ಕಚೇರಿ ವ್ಯವಹಾರ ತಿಳಿಯದು, ಗಂಡ ಸಹಾಯ ಮಾಡಿದರೆ ತಪ್ಪೇನು?" ಎಂದು ಕೇಳುವವರಿದ್ದಾರೆ. ಸಹಾಯ ತಪ್ಪಲ್ಲ. ಮೊದಲ ಸಲ ಗೆದ್ದ ಗಂಡಸಿಗೂ ಕಾರ್ಯದರ್ಶಿಯೋ ಹಳೆಯ ಸದಸ್ಯರೋ ಹೇಳಿಕೊಡಲೇಬೇಕು. ನಾವು ಕೇಳುವುದು ಇಷ್ಟೇ: ಆಕೆ 'ಬೇಡ' ಎಂದರೆ ಕಡತ ನಿಲ್ಲುತ್ತದೆಯೇ? ನಿಲ್ಲುವುದಾದರೆ ಅದನ್ನು ಸಹಾಯವೆನ್ನೋಣ. ನಿಲ್ಲದಿದ್ದರೆ ಅದು ಅಧಿಕಾರದ ಅಪಹರಣ.

ಜನ ಗಂಡನ ಮುಖ ನೋಡಿಯೇ ಮತ ಹಾಕಿದ್ದು ಎನ್ನಬಹುದು. ಇರಲಿ. ಆದರೆ ಹಣ ಪಾವತಿಗೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಜೊತೆ ಸಹಿ ಹಾಕುವವಳು ಅಧ್ಯಕ್ಷೆ. ಲೆಕ್ಕದಲ್ಲಿ ದೋಷ ಸಿಕ್ಕಿದರೆ ನೋಟಿಸು ಬರುವುದು ಆಕೆಗೆ, ಸ್ಥಾನ ಹೋಗುವುದು ಆಕೆಯದು. ಆಡಳಿತ ನಡೆಸಿದವನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಅಧಿಕಾರ ಒಬ್ಬನಿಗೆ, ಶಿಕ್ಷೆ ಇನ್ನೊಬ್ಬಳಿಗೆ. ನಗುವವರು ಈ ಅನ್ಯಾಯದ ಬಗ್ಗೆ ಮಾತೆತ್ತುವುದೇ ಇಲ್ಲ.

ಹಾಗಾದರೆ ಕುರ್ಚಿಯಲ್ಲಿ ಹೆಣ್ಣು ಕೂತರೆ ಊರಿಗೇನು ಲಾಭ? ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಅವರ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಪಶ್ಚಿಮ ಬಂಗಾಳದ ಬೀರ್‌ಭೂಮ್ ಮತ್ತು ರಾಜಸ್ಥಾನದ ಉದಯಪುರ ಜಿಲ್ಲೆಗಳಲ್ಲಿ ಅಧ್ಯಕ್ಷ ಸ್ಥಾನ ಮಹಿಳೆಯರಿಗೆ ಮೀಸಲಾಗಿದ್ದ ಪಂಚಾಯತಿಗಳು ಕುಡಿಯುವ ನೀರಿಗೆ ಹೆಚ್ಚು ಗಮನ ಕೊಟ್ಟಿದ್ದನ್ನು ಅವರು ಕಂಡರು. ಆಶ್ಚರ್ಯವೇನಿಲ್ಲ, ಕೊಡ ಹೊತ್ತು ನಡೆದವರಿಗೆ ನೀರಿನ ದೂರ ಗೊತ್ತಿರುತ್ತದೆ. (ನೀರ್ ಸಾಬರಿದ್ದಿದ್ದರೆ ಖುಷಿಪಡುತ್ತಿದ್ದರು.) ಗಂಡಂದಿರ ಹಸ್ತಕ್ಷೇಪ ಅಲ್ಲಿರಲಿಲ್ಲವೆಂದು ನಾವು ಹೇಳುತ್ತಿಲ್ಲ. ಅದರ ನಡುವೆಯೂ ಆ ಹೆಂಗಸರು ಏನನ್ನೋ ಸಾಧಿಸಿಕೊಂಡರು ಎಂಬುದೇ ಮುಖ್ಯ.

ಕೆಲಸ ಕಲಿಯಲು ಸಮಯವಾದರೂ ಬೇಕಲ್ಲ. 2020ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಚುನಾವಣೆ ನಡೆದ ಗ್ರಾಮ ಪಂಚಾಯತಿಗಳಲ್ಲಿ ಅಧ್ಯಕ್ಷ ಸ್ಥಾನದ ಅವಧಿ ಕೇವಲ 30 ತಿಂಗಳು. ಕಡತ ಓದಲು ಬರುವಷ್ಟರಲ್ಲಿ ಕುರ್ಚಿ ಸರದಿಯಂತೆ ಬೇರೆಯವರಿಗೆ ಹೋಗುತ್ತದೆ. ಸಾಮಾನ್ಯ ಸ್ಥಾನದಿಂದ ನಿಲ್ಲುತ್ತೇನೆಂದರೆ, "ನಿಮ್ಮ ಮೀಸಲಾತಿ ಮುಗಿಯಿತಲ್ಲಮ್ಮ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಮೇಲಿನ ಮೆಟ್ಟಿಲಂತೂ ಇನ್ನೂ ದೂರ. 2023ರ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು 10 ಮಂದಿ.