ಬಿಡುಗಡೆಯಾದ ಮೇಲಿನ ಶಿಕ್ಷೆ

ಹೊಲದ ಬದುವಿನ ಜಗಳ ಕೊಲೆಯವರೆಗೆ ಹೋಗಿ, ಬೈಲಹೊಂಗಲ ಕಡೆಯ ರೈತನೊಬ್ಬನಿಗೆ ಜೀವಾವಧಿ ಶಿಕ್ಷೆಯಾಯಿತು ಎಂದಿಟ್ಟುಕೊಳ್ಳೋಣ. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ 14 ವರ್ಷ ಕಳೆದವನು ಸನ್ನಡತೆಯ ಆಧಾರದ ಮೇಲೆ ಬಿಡುಗಡೆಯಾಗುತ್ತಾನೆ. ಕಾನೂನಿನ ಲೆಕ್ಕ ಚುಕ್ತಾ. ಊರಿನಲ್ಲಿ ಮಾತ್ರ ಅವನೀಗ ‘ಜೈಲಿಗೆ ಹೋಗಿ ಬಂದಾಂವ’. ಹೊಲ ಲಾವಣಿಗೆ ಕೇಳಿದರೆ ಮಾಲೀಕ ನಾಳೆ ಬಾ ಎನ್ನುತ್ತಾನೆ. ಮಗಳಿಗೆ ವರ ನೋಡಲು ಹೊರಟರೆ, ‘ಹುಡುಗಿ ಛಲೋ ಅದಾಳ, ಆದ್ರ ಅವರಪ್ಪ...’ ಎಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಆ ಮಗಳು ಯಾವ ಕೋರ್ಟಿನ ಕಟಕಟೆಯನ್ನೂ ಹತ್ತಿದವಳಲ್ಲ.

ಇದನ್ನು ಶಿಕ್ಷೆ ಎನ್ನಬಹುದೆ?

ಬ್ರಿಟನ್ನಿನ ನ್ಯಾಯತತ್ತ್ವಜ್ಞ ಎಚ್.ಎಲ್.ಎ. ಹಾರ್ಟ್ ಶಿಕ್ಷೆಗೆ ಕೆಲವು ಲಕ್ಷಣಗಳನ್ನು ಹೇಳಿದ್ದರು. ಅದು ನೋವು ಕೊಡಬೇಕು, ಕಾನೂನು ಮುರಿದದ್ದಕ್ಕಾಗಿ ಇರಬೇಕು, ಮುರಿದವನಿಗೇ ಆಗಬೇಕು, ಅಧಿಕಾರವುಳ್ಳವರು ಬೇಕೆಂದೇ ವಿಧಿಸಿರಬೇಕು. ಈ ಅಳತೆಯಲ್ಲಿ ಊರವರ ಹಿಂಜರಿಕೆ ಶಿಕ್ಷೆಯೇ ಅಲ್ಲ. ಅಮೆರಿಕದ ತತ್ತ್ವಜ್ಞ ಜೋಯಲ್ ಫೈನ್‌ಬರ್ಗ್ 1965ರಲ್ಲಿ ಇದಕ್ಕೆ ಇನ್ನೊಂದು ಮಾತು ಸೇರಿಸಿದರು: ಶಿಕ್ಷೆಯಲ್ಲಿ ಕಷ್ಟದ ಜತೆಗೆ ಖಂಡನೆಯೂ ಇದೆ, ಸಮಾಜ ತನ್ನ ಅಸಮ್ಮತಿಯನ್ನು ಅದರ ಮೂಲಕ ಹೇಳುತ್ತದೆ. ತೊಡಕು ಇರುವುದು ಇಲ್ಲೇ. ಕಷ್ಟಕ್ಕೆ ನ್ಯಾಯಾಧೀಶರು ಅವಧಿ ಗೊತ್ತುಮಾಡುತ್ತಾರೆ. ಖಂಡನೆಗೆ ಯಾರೂ ಗೊತ್ತುಮಾಡುವುದಿಲ್ಲ. ತಪ್ಪಿಗೆ ತಕ್ಕಷ್ಟೇ ಶಿಕ್ಷೆ ಎಂದು ಕೋರ್ಟು ತೂಗಿ ಕೊಟ್ಟದ್ದರ ಮೇಲೆ ತೂಗದೆ ಸೇರುವ ಈ ಭಾರ ಆ ನ್ಯಾಯವನ್ನೇ ಕೆಡಿಸುತ್ತದೆ.

ಕೊಲೆಯಾದವನ ಹೆಂಡತಿಯ ನಷ್ಟಕ್ಕೂ ಅವಧಿಯಿಲ್ಲ ಎಂಬುದು ನಿಜ. ಮಕ್ಕಳ ಮೇಲೆ ದೌರ್ಜನ್ಯ ಎಸಗಿದವನನ್ನು ಶಾಲೆಯ ಕೆಲಸದಿಂದ ದೂರ ಇಡುವುದೂ ಸರಿಯೇ, ಏಕೆಂದರೆ ಆ ನಿರ್ಬಂಧಕ್ಕೂ ತಪ್ಪಿಗೂ ಸಂಬಂಧವಿದೆ. ಬದುವಿಗಾಗಿ ಬಡಿದಾಡಿದವನ ತಪ್ಪಿಗೂ ಅವನ ಮಗಳ ಮದುವೆಗೂ ಏನು ಸಂಬಂಧ?

ಈ ಭಾರವನ್ನು ಸರ್ಕಾರವೂ ಹೊರಿಸುತ್ತದೆ. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದವರು ಬಿಡುಗಡೆಯ ನಂತರ 6 ವರ್ಷ ವಿಧಾನಸಭೆ, ಲೋಕಸಭೆಗೆ ಸ್ಪರ್ಧಿಸುವಂತಿಲ್ಲ. ಇದಕ್ಕೆ ಕೊನೆಯ ದಿನವಾದರೂ ಇದೆ. ಪೊಲೀಸ್ ಠಾಣೆಯ ರೌಡಿ ಪಟ್ಟಿಯಲ್ಲಿ ಹೆಸರು ಸೇರಿದರೆ ಚುನಾವಣೆ, ಗಣೇಶ ಹಬ್ಬ ಬಂದಾಗಲೆಲ್ಲ ಪರೇಡಿಗೆ ಕರೆ ಬರುತ್ತದೆ. ಪಟ್ಟಿಗೆ ಸೇರಿಸುವ ಮೊದಲು ವ್ಯಕ್ತಿಗೆ ನೋಟಿಸ್ ಕೊಡಬೇಕೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಬೇಕಾಯಿತು.

ಸರ್ಕಾರವೇ ಹಚ್ಚುವ ಇಂಥ ಹಣೆಪಟ್ಟಿಯ ಅತಿರೇಕವನ್ನು ಉತ್ತರ ಕರ್ನಾಟಕ ಕಂಡಿದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟು ಕಳ್ಳರೆಂದು ಸಾರಿತು. ಮುಂದೆ ಹುಬ್ಬಳ್ಳಿ, ಗದಗಗಳಲ್ಲಿ ಗಂಟಿಚೋರ ಮೊದಲಾದ ಸಮುದಾಯಗಳ ಕುಟುಂಬಗಳನ್ನು ಸೆಟ್ಲಮೆಂಟುಗಳಲ್ಲಿಟ್ಟು ಹಾಜರಿ ತೆಗೆದುಕೊಂಡರು. ಕಾಯ್ದೆ 1952ರಲ್ಲಿ ರದ್ದಾಯಿತು. ಅದರ ಜಾಗಕ್ಕೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು, ಕರ್ನಾಟಕದ್ದು 1961ರದು. ಹಳೆಯ ಕಾಯ್ದೆಯ ಪಟ್ಟಿಯಿಂದ ಹೊರಬಂದ ಈ ವಿಮುಕ್ತ ಬುಡಕಟ್ಟುಗಳವರನ್ನು ಅಪರಾಧಿಗಳೆಂದೇ ಕಾಣುವ ಜೈಲು ಕೈಪಿಡಿಯ ನಿಯಮಗಳನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿದ್ದು 2024ರ ಅಕ್ಟೋಬರಿನಲ್ಲಿ.

ಜೈಲಿನ ಕಲೆ ಅಳಿಯುವುದೇ ಇಲ್ಲ ಎನ್ನುವವರು ಇದೇ ಸೀಮೆಯ ಚರಿತ್ರೆಯನ್ನು ನೋಡಬೇಕು. ಕಿತ್ತೂರಿನ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಕೋಟೆಯಲ್ಲಿ ಬಂದಿಯಾಗಿಯೇ ತೀರಿಕೊಂಡಳು. ಇಂದು ಅವಳ ಸಮಾಧಿಗೆ ಜನ ಕೈಮುಗಿಯುತ್ತಾರೆ. 1939ರ ಏಪ್ರಿಲ್‌ನಲ್ಲಿ ರಾಮದುರ್ಗ ಸಂಸ್ಥಾನದ ಪ್ರಜೆಗಳು ಸಿಡಿದೆದ್ದು ಜೈಲಿಗೆ ನುಗ್ಗಿದರು, ಪೊಲೀಸರು ಸತ್ತರು, ಹಲವರಿಗೆ ಶಿಕ್ಷೆಯಾಯಿತು. ಮುಂದೆ ಅದನ್ನು ಸ್ವಾತಂತ್ರ್ಯ ಹೋರಾಟದ ಭಾಗವೆಂದು ಬರೆದರು. 1972ರಲ್ಲಿ ಕೇಂದ್ರ ಸರ್ಕಾರ ಹೋರಾಟಗಾರರಿಗೆ ಪಿಂಚಣಿ ಕೊಡತೊಡಗಿದಾಗ ಕನಿಷ್ಠ ಆರು ತಿಂಗಳ ಸೆರೆವಾಸಕ್ಕೆ ಜೈಲಿನ ಪ್ರಮಾಣಪತ್ರವೇ ಮುಖ್ಯ ದಾಖಲೆಯಾಯಿತು. ದೇಶಕ್ಕಾಗಿ ಜೈಲು ಕಂಡವರನ್ನೂ ಕೊಲೆಗಾರನನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಆದರೂ ಜೈಲಿನ ಕಾಗದಕ್ಕೆ ಅರ್ಥ ಕೊಡುವವರು ಹೊರಗಿನ ಜನರೇ ಎಂಬುದು ಇಲ್ಲಿ ಸ್ಪಷ್ಟ.

ಈ ಕಲೆಯನ್ನು ಅಳಿಸುವುದು ಕಾನೂನಿಗೂ ಅಸಾಧ್ಯವಲ್ಲ. 1958ರ ಪ್ರೊಬೇಷನ್ ಕಾಯ್ದೆಯಡಿ ಬಿಡುಗಡೆಯಾದವರಿಗೆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯೂ ಮಕ್ಕಳಿಗೆ ಇಂಥ ರಕ್ಷಣೆ ಕೊಡುತ್ತದೆ. ಬ್ರಿಟನ್ 1974ರಲ್ಲೇ, ನಿಗದಿತ ವರ್ಷಗಳು ಕಳೆದ ಮೇಲೆ ಅನೇಕ ಹಳೆಯ ಶಿಕ್ಷೆಗಳನ್ನು ಹೇಳಿಕೊಳ್ಳಬೇಕಿಲ್ಲ ಎಂಬ ಕಾನೂನು ತಂದಿತು. ಪೂರ್ತಿ ಅವಧಿ ಜೈಲಿನಲ್ಲಿದ್ದು ಬಂದ ವಯಸ್ಕರಿಗೆ ಭಾರತದಲ್ಲಿ ಅಂಥ ಸಾಮಾನ್ಯ ಕಾನೂನಿಲ್ಲ. ನೌಕರಿಯ ಅರ್ಜಿಯಲ್ಲಿ ‘ಎಂದಾದರೂ ಶಿಕ್ಷೆಯಾಗಿದೆಯೇ?’ ಎಂದು ಕೇಳಿದರೆ, ಎಷ್ಟೇ ವರ್ಷ ಕಳೆದಿದ್ದರೂ ಅವರು ಹೌದು ಎಂದೇ ಬರೆಯಬೇಕು.